ಟರ್ಬೋ ತಣಿಯುವವರೆಗೆ

ಕಳೆದ ವಾರ ಹಿನಕಲ್ ಹತ್ತಿರದ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಹಸಿರು ದೀಪ ಬಿದ್ದೊಡನೆ ಮುಂದಿದ್ದ ಹಳೆಯ ಡೀಸೆಲ್ ಕಾರೊಂದು ನೀಲಿ ಹೊಗೆ ಬಿಟ್ಟು ಹೊರಟಿತು. ಎಂಜಿನ್ ಎಣ್ಣೆ ಸುಟ್ಟ ವಾಸನೆ. ಒಗ್ಗರಣೆ ಸೀದ ಹಾಗಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಕಹಿ, ಕಾದ ಕಬ್ಬಿಣದ ಮೇಲೆ ಏನೋ ಒಣಗಿ ಅಂಟಿಕೊಂಡ ಹಾಗೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ. ವಾಸನೆ ಒಳಗೇ ಉಳಿಯಿತು. ಅದರ ಜೊತೆಗೆ ದಟ್ಟಗಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೇಷ್ಟ್ರು ನೆನಪಾದರು.

ವಾಸನೆಯಿಂದ ನೆನಪು ಎದ್ದು ಬರುತ್ತದೆ ಎನ್ನುವುದನ್ನು ನಾನು ಅಷ್ಟಾಗಿ ನಂಬುವವನಲ್ಲ. ವಾಸನೆ ಬಂದ ಮೇಲೆ ಅದಕ್ಕೆ ತಕ್ಕ ನೆನಪನ್ನು ನಾವೇ ಹೊಲಿದುಕೊಳ್ಳುತ್ತೇವೆ ಎಂದೇ ನನ್ನ ಗುಮಾನಿ. ಹಾಗಾಗಿ ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಹೊಲಿಗೆ ಎಂದು ಯಾರಾದರೂ ಕೇಳಿದರೆ ನಾನು ಪ್ರಮಾಣ ಮಾಡಲಾರೆ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ನಾನು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ, ಅದು ಮುಗಿಯುವ ಲಕ್ಷಣವೇನೂ ಕಾಣುತ್ತಿರಲಿಲ್ಲ. ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಮೋಟಾರು ವಾಹನಗಳ ಪಾಠ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಅವರ ಮಹಡಿಯ ಮೇಲಿನ ಕೋಣೆ ನನ್ನದು. ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಮಗಳು ಮದುವೆಯಾಗಿ ಹಾಸನದಲ್ಲಿದ್ದಳು, ತಿಂಗಳಿಗೊಮ್ಮೆಯಾದರೂ ಬಂದು ಹೋಗುತ್ತಿದ್ದಳು.

ಆಂಟಿಗೆ ಒಮ್ಮೆ ಹೃದಯಾಘಾತವಾಗಿತ್ತು. ಎದೆಯಲ್ಲಿ ಮತ್ತೆ ನೋವು ಕಾಣಿಸಿಕೊಂಡರೆ ಕಾಯಬೇಡಿ, ತಕ್ಷಣ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಗಿನ ದಟ್ಟಗಳ್ಳಿ ಈಗಿನಂತಿರಲಿಲ್ಲ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಟೋ ಬೇಕೆಂದರೆ ರಿಂಗ್ ರಸ್ತೆಯವರೆಗೆ ನಡೆಯಬೇಕಿತ್ತು, ಅಲ್ಲಿಯೂ ಸಿಗುವ ಭರವಸೆಯಿಲ್ಲ. ಅದುವರೆಗೆ ಸ್ಕೂಟರಿನಲ್ಲೇ ಓಡಾಡಿಕೊಂಡಿದ್ದ ಮೇಷ್ಟ್ರು ಒಂದು ಸೆಕೆಂಡ್ ಹ್ಯಾಂಡ್ ಟರ್ಬೋ ಡೀಸೆಲ್ ಕಾರು ತಂದರು. ತಂದದ್ದು ಆಂಟಿಗಾಗಿ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು, ಅದಕ್ಕೆ ಕಾರು ಯಾವಾಗಲೂ ಸಿದ್ಧವಾಗಿರಬೇಕು. ಆ ಮನೆಯಲ್ಲಿ ಇದೇ ಮೊದಲು, ಉಳಿದದ್ದೆಲ್ಲ ಇದರ ನಂತರ.

ಕಾರಿನ ಬಣ್ಣ ಬಿಳಿ ಎಂದು ಬರೆಯಲು ಹೊರಟೆ. ಬೂದು ಇದ್ದಿರಬಹುದು. ಎರಡು ಲೀಟರಿನ ಆಸುಪಾಸಿನ, ನಾಲ್ಕು ಸಿಲಿಂಡರಿನ ಎಂಜಿನ್. ಎಷ್ಟು ಅಶ್ವಶಕ್ತಿ ಎಂದು ಮೇಷ್ಟ್ರು ಹೇಳಿದ್ದರು, ಮರೆತಿದ್ದೇನೆ... ಹೇಳಿದ್ದರೋ ಇಲ್ಲವೋ. ಭಾನುವಾರ ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾನೆಟ್ ಎತ್ತಿ ನನ್ನನ್ನು ಮೇಲಿನಿಂದ ಕರೆಯುತ್ತಿದ್ದರು. ಪಾಠ ಹೇಳುವ ಚಟ ಅಷ್ಟು ಬೇಗ ಬಿಡುವುದಿಲ್ಲ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಸುಮ್ಮನೆ ಸೈಲೆನ್ಸರಿಗೆ ಹೋಗಿಬಿಡುವುದಿಲ್ಲ, ಮೊದಲು ಟರ್ಬೋ ಎಂಬ ಭಾಗದ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣ್ಣಗೆ ಮಾಡಲು ಮುಂದುಗಡೆ ರೇಡಿಯೇಟರಿನಂಥದೇ ಇನ್ನೊಂದು, ಇಂಟರ್‌ಕೂಲರ್. ಹೆಚ್ಚು ಗಾಳಿ ಹೋದರೆ ಹೆಚ್ಚು ಡೀಸೆಲ್ ಉರಿಸಬಹುದು. ಸಣ್ಣ ಎಂಜಿನ್ನಿಗೆ ದೊಡ್ಡ ಎಂಜಿನ್ನಿನ ಎಳೆತ ಬರುತ್ತದೆ. ಆದರೆ ಕಾಲು ಒತ್ತಿದ ಕೂಡಲೇ ಬರುವುದಿಲ್ಲ. ಚಕ್ರ ವೇಗ ಹಿಡಿಯುವವರೆಗೆ ಒಂದು ಕ್ಷಣ ಏನೂ ಆಗದಂತಿದ್ದು ಆಮೇಲೆ ಎಳೆಯುತ್ತದೆ.

ಅದರ ಕಾಯಿಲೆಗಳನ್ನೂ ಹೇಳುತ್ತಿದ್ದರು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಡೀಸೆಲನ್ನು ಸರಿಯಾಗಿ ಸಿಂಪಡಿಸುತ್ತಿಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆಯೇ ನೋಡಬೇಕು. ಇದ್ದಕ್ಕಿದ್ದಂತೆ ಎಳೆತ ಹೋದರೆ ಗಾಳಿಯ ರಬ್ಬರ್ ಪೈಪು ಬಿರಿದಿರುತ್ತದೆ. ನೀಲಿ ಹೊಗೆ ಬಂದರೆ ಟರ್ಬೋದ ಸೀಲು ಸವೆದು ಎಣ್ಣೆ ಒಳಗಿಳಿದು ಉರಿಯುತ್ತಿರಬಹುದು. ಈ ಕೊನೆಯದಕ್ಕೇ ಅವರು ಹೆದರುತ್ತಿದ್ದದ್ದು. ಟರ್ಬೋದ ದಂಡ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಾ. ಆ ಎಣ್ಣೆಯನ್ನು ಕಳಿಸುವುದು ಎಂಜಿನ್ನಿನ ಪಂಪು. ಗಾಡಿ ಓಡಿಸಿ ಬಂದವರು ಕೂಡಲೇ ಕೀ ತಿರುಗಿಸಿದರೆ ಪಂಪು ನಿಂತಿತು, ಎಣ್ಣೆ ನಿಂತಿತು. ಟರ್ಬೋ ಮಾತ್ರ ಇನ್ನೂ ಕೆಂಡದಂತೆ ಕಾದಿರುತ್ತದೆ. ಅಲ್ಲಿ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ, ದಾರಿ ಕಟ್ಟುತ್ತದೆ.

ಅದಕ್ಕೇ ಆ ಮನೆಯಲ್ಲೊಂದು ಪದ್ಧತಿ ಇತ್ತು. ಕಾರು ಎಲ್ಲಿ ಹೋಗಿ ನಿಂತರೂ ಕೂಡಲೇ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಕೀಯ ಮೇಲೆ ಕೈಯಿಟ್ಟು, ಟರ್ಬೋ ತಣಿಯುವವರೆಗೆ ಮೇಷ್ಟ್ರು ಕೂತಿರುತ್ತಿದ್ದರು. ಪಕ್ಕದಲ್ಲಿ ಆಂಟಿಯೂ ಕೂತಿರುತ್ತಿದ್ದರು. ಅವರು ಇಳಿಯಬಾರದೆಂದೇನೂ ಇರಲಿಲ್ಲ, ಇಳಿಯುತ್ತಿರಲಿಲ್ಲ ಅಷ್ಟೇ. ಮನೆಯ ಗೇಟಿನ ಮುಂದೆ, ದೇವಸ್ಥಾನದ ಮುಂದೆ, ಮದುವೆ ಛತ್ರದ ಮುಂದೆ, ಬಂದು ತಲುಪಿದ ಮೇಲೂ ಇಬ್ಬರೂ ಪ್ರಯಾಣದಲ್ಲಿರುವವರಂತೆ ಎದುರಿಗೆ ನೋಡುತ್ತಾ ಕೂತಿರುವುದು ಬೀದಿಯವರಿಗೆಲ್ಲ ಗೊತ್ತಿದ್ದ ನೋಟ. ಲಷ್ಕರ್ ಮೊಹಲ್ಲಾದ ಗ್ಯಾರೇಜಿನವರಂತೂ, ಮೇಷ್ಟ್ರು ಕಾರಿಗೆ ಮಾಡುವ ಉಪಚಾರ ನೋಡಿದರೆ ಬಾಣಂತನ ಮಾಡಿಸಿಕೊಳ್ಳಲು ಇವರ ಮನೆಗೇ ಬರಬೇಕು ಎಂದು ನಗುತ್ತಿದ್ದರಂತೆ.

ಆಂಟಿಯೂ ಗಂಡನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಕಿಟಕಿಯೊಳಗಿಂದಲೇ ನನಗೆ ಹೇಳಿದರು: "ಮದ್ವೇಲಿ ಆರತಿ ಎತ್ತೋವರ್ಗೂ ಬಾಗ್ಲಲ್ಲಿ ನಿಂತ್ಕೊಳ್ಳೋ ತಾಳ್ಮೆ ಇರ್ಲಿಲ್ಲ ಕಣಪ್ಪ ಇವ್ರಿಗೆ. ಈಗ ನೋಡು."

ಹಾಗಾದರೆ ನೀವಾದರೂ ಇಳಿದು ಒಳಗೆ ಹೋಗಬಹುದಲ್ಲ ಎಂದೆ.

"ಒಳಗೋದ್ರೆ ಪೇಪರ್ ಹಿಡ್ಕೊಂಡ್ಬುಡ್ತಾರೆ. ಇಲ್ಲಾದ್ರೆ ನಾನ್ ಹೇಳಿದ್ದೆಲ್ಲಾ ಕೇಳಿಸ್ಕೊಳ್ತಾರೆ."

ಮೇಷ್ಟ್ರು ಆಗಲೂ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು ಎಂದು ನನ್ನ ಅನುಮಾನ. ಆದರೆ ತಲೆಯಾಡಿಸುತ್ತಿದ್ದರು.

ನನಗೆ ವಾದದ ಚಟ. ಉದ್ದದ ದಾರಿ ಓಡಿಸಿ ಬಂದಾಗ, ಬೆಟ್ಟ ಹತ್ತಿದಾಗ ಈ ಕಾಯುವಿಕೆಗೆ ಅರ್ಥವಿದೆ. ಬಡಾವಣೆಯೊಳಗೆ ನಿಧಾನವಾಗಿ ಬರುವಷ್ಟರಲ್ಲೇ ಟರ್ಬೋ ತಣ್ಣಗಾಗಿರುತ್ತದಲ್ಲ, ತರಕಾರಿ ತಂದ ಮೇಲೂ ಕೂರುವುದೇಕೆ ಎಂದು ಕೇಳಿದ್ದೆ. ಮೇಷ್ಟ್ರು ನನ್ನ ಮಾತನ್ನು ಒಪ್ಪಿಕೊಂಡರು. ಆಮೇಲೆ ಹೇಳಿದರು: "ರೂಢಿ ಅನ್ನೋದು ಬೇಕಾದಾಗ ಮಾತ್ರ ಬರೋದಿಲ್ಲ ಕಣಪ್ಪ. ದಿನಾ ಮಾಡ್ತಿದ್ರೇನೇ ಬೇಕಾದ ದಿನ ತಾನಾಗೇ ಬರೋದು."

ಈ ಮಾತು ಅವರದೇ. ಇದನ್ನು ನಾನು ಹೊಲಿದಿಲ್ಲ ಎಂದುಕೊಂಡಿದ್ದೇನೆ.

ಆ ದಿನದ ಬಗ್ಗೆ ನನ್ನಲ್ಲಿರುವ ನೆನಪು ಹೀಗಿದೆ. ಮಧ್ಯಾಹ್ನ. ಊಟವಾದ ಮೇಲೆ ಆಂಟಿಗೆ ನೋವು ಬಂತು. ಮೇಷ್ಟ್ರು ಕೆಳಗಿನಿಂದ ನನ್ನನ್ನು ಕೂಗಿದರು. ನಾನು ಹಿಂದಿನ ಸೀಟಿನಲ್ಲಿ ಕೂತೆ, ಆಂಟಿ ಎಂದಿನಂತೆ ಮುಂದೆ. ರಿಂಗ್ ರಸ್ತೆಯಲ್ಲಿ ಕಾರು ಚೆನ್ನಾಗಿ ಎಳೆಯಿತು. ಬೆವರಿನಿಂದ ಆಂಟಿಯ ಕುತ್ತಿಗೆಯ ಹಿಂದೆ ಕೂದಲು ಅಂಟಿಕೊಂಡಿತ್ತು. ಆಸ್ಪತ್ರೆಯ ಬಾಗಿಲ ಮುಂದೆ ಮೇಷ್ಟ್ರು ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದರು. ಕೀಯ ಮೇಲೆ ಕೈಯಿಟ್ಟರು. ಮತ್ತೆ... ಕೂತರು. ಆಂಟಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತರು. ನಾನೂ ಕೂತೆ. ಎಂಜಿನ್ ಓಡುತ್ತಿತ್ತು. ಮೂವರಲ್ಲಿ ಒಬ್ಬರೂ ಬಾಗಿಲು ತೆಗೆಯಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಬಹಳ ಹೊತ್ತೇನೂ ಇರಲಾರದು. ಖಾಕಿ ತೊಟ್ಟವರೊಬ್ಬರು ಬಂದು ಹೊರಗಿನಿಂದ ಬಾಗಿಲು ತೆಗೆದು, ಪೇಷೆಂಟು ಯಾರ್ರೀ ಎಂದರು.

ಆಂಟಿ ಅಂದೇ ಸಂಜೆ ಹೋದರು. ಒಂದೆರಡು ನಿಮಿಷದಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದರೋ, ಹೇಳಿದರೆಂದು ನಾನು ಅಂದುಕೊಂಡೆನೋ...

ಅದಾದ ಮೇಲೆ ಮೇಷ್ಟ್ರು ಕಾಯುವುದನ್ನು ಬಿಟ್ಟರು. ಇದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದ್ದೇನೆ. ಒಂದು ದಿನವಲ್ಲ, ಎಷ್ಟೋ ದಿನ. ಕಾರು ಗೇಟಿನ ಮುಂದೆ ಪೂರ್ತಿ ನಿಲ್ಲುವ ಮೊದಲೇ ಕೀ ತಿರುಗಿಸಿ, ಇಳಿದು, ಹಿಂದಿರುಗಿ ನೋಡದೆ ಒಳಗೆ ಹೋಗುತ್ತಿದ್ದರು. ಮಗಳನ್ನು ನೋಡಿಕೊಂಡು ಹಾಸನದಿಂದ ಒಂದೇ ಸಮನೆ ಓಡಿಸಿ ಬಂದ ದಿನವೂ ಹಾಗೆಯೇ. ಟರ್ಬೋದ ಶಿಳ್ಳೆಯಂಥ ಸದ್ದು ಕೆಲವು ತಿಂಗಳಲ್ಲಿ ತಗಡು ಉಜ್ಜಿದಂತಾಯಿತು. ನೀಲಿ ಹೊಗೆ ಕಾಣಿಸಿಕೊಂಡಿತು. ಎಣ್ಣೆ ಕಡಿಮೆಯಾಗುತ್ತಿದೆ, ಹೀಗೇ ಓಡಿಸಿದರೆ ಎಂಜಿನ್ನೇ ಕೈ ಕೊಡುತ್ತದೆ ಎಂದು ಗ್ಯಾರೇಜಿನವರು ಮನೆಗೇ ಬಂದು ಎಚ್ಚರಿಸಿದರು. ಮೇಷ್ಟ್ರು ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಬೇರೆಯವರಿಗೆ ವರ್ಷಗಟ್ಟಲೆ ಪಾಠ ಹೇಳಿದ್ದ ಮನುಷ್ಯ, ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದೂ ಅದನ್ನೇ ಮಾಡಿದರು. ಆಸ್ಪತ್ರೆಯ ಮುಂದೆ ಕೂತದ್ದಕ್ಕೆ ಇದು ಅವರ ಉತ್ತರ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ನಾನು ಕೋಣೆ ಬಿಡುವ ಹೊತ್ತಿಗೆ ಕಾರು ಗೇಟಿನ ಪಕ್ಕದಲ್ಲಿ ಟೈರು ಕುಸಿದು ನಿಂತಿತ್ತು. ಆಮೇಲೆ ಏನಾಯಿತೋ ಕೇಳಲಿಲ್ಲ. ಮೇಷ್ಟ್ರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ತಿಳಿಯಿತು.

ಹಿನಕಲ್‌ನಿಂದ ಮನೆಗೆ ಬಂದವನು ಅವರ ಮಗಳಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ. ಇಷ್ಟು ವರ್ಷಗಳಲ್ಲಿ ನಾವು ಮಾತಾಡಿದ್ದೇ ಕಡಿಮೆ. ಕುಶಲ ಕೇಳಿದ ಮೇಲೆ ಆ ಮಧ್ಯಾಹ್ನದ ಮಾತೆತ್ತಿ, ಕಾರಿನಲ್ಲಿ ಮೂವರೂ ಕೂತೇ ಇದ್ದೆವಲ್ಲ ಎಂದೆ.



"ಕಾರೆಲ್ಲಿತ್ತಣ್ಣ ಅವತ್ತು?" ಎಂದಳು. "ಟರ್ಬೋಗೆ ಎಣ್ಣೆ ಹೋಗೋ ಪೈಪು ಕಟ್ಕೊಂಡಿದೆ ಅಂತ ಲಷ್ಕರ್ ಮೊಹಲ್ಲಾದಲ್ಲಿ ಬಿಚ್ಚಾಕಿದ್ರು. ಅಪ್ಪ ರಿಂಗ್ ರೋಡ್‌ವರ್ಗೂ ಓಡೋಗಿ ಆಟೋ ಕರ್ಕೊಂಡು ಬಂದ್ರು. ನೀವು ಯೂನಿವರ್ಸಿಟಿಯಿಂದ ಸಾಯಂಕಾಲ ಬಂದ್ರಿ."

ಕಾರಿನ ಹಳೆಯ ಮಾಲೀಕರು ಕಾದ ಎಂಜಿನ್ನನ್ನು ಹಾಗೇ ಆಫ್ ಮಾಡುತ್ತಿದ್ದರಿಂದ ಪೈಪಿನೊಳಗೆ ಎಣ್ಣೆ ಮೊದಲೇ ಕರಿಗಟ್ಟಿತ್ತಂತೆ. ಮೇಷ್ಟ್ರು ಎಷ್ಟು ಕಾದರೂ ಅದು ಬಿಡುವಂಥದಾಗಿರಲಿಲ್ಲ ಎಂದು ಗ್ಯಾರೇಜಿನವರು ಹೇಳಿದ್ದರಂತೆ. ಯಾವ ದಿನಕ್ಕೆಂದು ಕಾರು ತಂದರೋ ಆ ದಿನ ಅದು ಮನೆಯಲ್ಲಿರಲಿಲ್ಲ. ಅಪ್ಪ ಆಮೇಲೆ ಅದನ್ನು ಹಾಳು ಮಾಡಿದ್ದು ಆ ಸಿಟ್ಟಿಗೆ ಎಂದು ಮಗಳ ಅಭಿಪ್ರಾಯ.

ಹಾಗಾದರೆ ನಾನು ಕಂಡ ಆ ಕಾಯುವಿಕೆ, ಓಡುತ್ತಿದ್ದ ಎಂಜಿನ್, ಮಡಿಲಲ್ಲಿದ್ದ ಚೀಲ ಎಲ್ಲಿಂದ ಬಂತು ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ಅಪ್ಪ ಹೇಳಿರ್ತಾರೆ ನಿಮ್ಗೂ. ನಂಗೆ ಒಂದೇ ಸಲ ಹೇಳಿದ್ದು," ಎಂದಳು. "ಆಸ್ಪತ್ರೆ ಬಾಗ್ಲಲ್ಲಿ ಆಟೋ ನಿಂತ್ರೂ ಅಮ್ಮ ಇಳೀಲಿಲ್ವಂತೆ. ಆಟೋದವ್ರು ಎಂಜಿನ್ ಆಫ್ ಮಾಡೋರೇ ಅಲ್ಲ, ಮುಂದಿನ ಬಾಡಿಗೆಗೆ ಹೊರಟಿದ್ರು. ನೋವು ಜಾಸ್ತಿ ಆಯ್ತೇನೋ ಅಂತ ಅಪ್ಪ ಹೆದರ್ಕೊಂಡು ಕೈ ಹಿಡಿದ್ರೆ, ತಡೀರಿ, ಇನ್ನೂ ಆಫ್ ಆಗಿಲ್ಲ ಅಂದ್ರಂತೆ ಅಮ್ಮ."

ಆಟೋದಲ್ಲಿ ನಾನಿರಲಿಲ್ಲ. ಮೇಷ್ಟ್ರು ಹೇಳಿದ್ದನ್ನು ಕೇಳಿ ನಾನೇ ಅದರೊಳಗೆ ಒಂದು ಹಿಂದಿನ ಸೀಟು ಮಾಡಿಕೊಂಡು ಕೂತಿರಬಹುದು. ಅಥವಾ ಮಗಳೇ ತಪ್ಪಿರಬಹುದು. ಅವಳೂ ಆ ಮಧ್ಯಾಹ್ನ ಹಾಸನದಲ್ಲಿದ್ದಳಲ್ಲ. ಅಲ್ಲಿದ್ದವರು ಇಬ್ಬರು, ಇಬ್ಬರೂ ಈಗ ಇಲ್ಲ. ಆಟೋದವರು ಯಾರೋ. ನನ್ನ ನೆನಪೂ ಅವಳು ಹೇಳಿದ್ದೂ ತಾಳೆಯಾಗುವುದು ಒಂದೇ ಕಡೆ: ಇಳಿಯಬೇಕಾದಲ್ಲಿ ಆಂಟಿ ಇಳಿಯದೆ ಕೂತಿದ್ದರು.

ದಟ್ಟಗಳ್ಳಿಯ ಮನೆ ಮಾರಿದ್ದಾಯಿತು ಎಂದೂ ಅವಳು ಹೇಳಿದಳು. ಒಳ್ಳೆಯದಾಯಿತು ಎಂದೆ. ಫೋನಿಟ್ಟ ಮೇಲೆ ಏನಾದರೂ ಅನ್ನಿಸಬಹುದೆಂದು ಕುರ್ಚಿಯಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ಅನ್ನಿಸಲಿಲ್ಲ. ಎದ್ದು ಅನ್ನಕ್ಕಿಟ್ಟೆ.