ಹಳ್ಳದ ಆಚೆಯ ಕಾಡು, ಚಿಗವ್ವನ ಕಲ್ಲು

ಬೈಲಹೊಂಗಲದಲ್ಲಿ ನಮ್ಮ ಬಡಾವಣೆಯ ಬೆನ್ನಿಗೆ ಒಂದು ಹಳ್ಳ, ಹಳ್ಳದ ಆಚೆ ಒಂದಿಷ್ಟು ಗಾಯರಾಣ. ದನ ಮೇಯಿಸಲೆಂದು ಹಿಂದೆ ಬಿಟ್ಟ ಸರಕಾರಿ ಜಾಗಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಸುತ್ತಲಿನ ಎರೆಹೊಲಗಳೆಲ್ಲ ಪ್ಲಾಟುಗಳಾಗಿ, ಊರು ಯರಗಟ್ಟಿ ರಸ್ತೆಯುದ್ದಕ್ಕೂ ಬೆಳೆಯುತ್ತ ಹೋದಂತೆ ಈ ತುಂಡು ಮಾತ್ರ ಮನೆಗಳ ನಡುವೆ ಉಳಿದುಬಿಟ್ಟಿತು. ಅಲ್ಲೊಂದು ದೊಡ್ಡ ಬೇವು, ಅಲ್ಲಲ್ಲಿ ಬನ್ನಿ, ಕರಿಜಾಲಿ, ಬಾರಿಕಂಟಿ. ಅವಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿ ಮತ್ತು ಮನೆ ಕಟ್ಟಿದವರು ತಂದು ಸುರಿದ ಒಡಕು ಇಟ್ಟಂಗಿ.

ಅದನ್ನು ಮತ್ತೆ ಕಾಡು ಮಾಡಬೇಕೆಂದು ಹಟ ಹಿಡಿದವಳು ನಮ್ಮ ಚಿಗವ್ವ, ನನ್ನ ತಾಯಿಯ ತಂಗಿ. ಬೇಸಿಗೆಯಲ್ಲಿ ಹಾಲಿನ ಪಾಕೀಟಿಗೆ ಮಣ್ಣು ತುಂಬಿ ಹೊಂಗೆ, ಅತ್ತಿ, ಹುಣಸೆಯ ಸಸಿ ಎಬ್ಬಿಸುವಳು. ರವಿವಾರ ಮುಂಜಾನೆ ಓಣಿಯ ಕೆಲವರು ಗುದ್ದಲಿ ಹಿಡಿದು ಅವಳ ಹಿಂದೆ ಹೋಗುತ್ತಿದ್ದೆವು. ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಬೇಕು, ಕಡಿದು ಬಿಟ್ಟರೆ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ನಮ್ಮ ಅಂಗೈಯಲ್ಲಿ ಮುಳ್ಳು ಮುರಿಯದ ವಾರವೇ ಇರಲಿಲ್ಲ.

ಸಸಿಗಳು ಆಳೆತ್ತರ ಆಗುವ ಹೊತ್ತಿಗೆ ಕೊಡಲಿ ಬಂತು. ಉರುವಲಿಗೋ ಬೇಲಿಗೋ, ಯಾರೋ ನಾವಿಲ್ಲದ ಹೊತ್ತು ನೋಡಿ ಕಡಿಯುತ್ತಿದ್ದರು. ಬೋರ್ಡು ಹಾಕಿದೆವು, ಬೋರ್ಡಿನ ಕಂಬವೇ ಹೋಯಿತು. ತಂತಿ ಎಳೆದೆವು, ತಂತಿಯೂ ಹೋಯಿತು. ಮುಂದಿನ ರವಿವಾರ ಹೋಗಿ ನೋಡಿದರೆ ಬೇವಿನ ಬುಡದಲ್ಲಿ ಹಳ್ಳದ ಉದ್ದನೆಯ ಕಲ್ಲೊಂದು ನಿಂತಿದೆ. ಮೈತುಂಬ ಅರಿಶಿನದ ಭಂಡಾರ, ನಡುವೆ ಕುಂಕುಮ, ಮುಂದೆ ಎರಡು ಹಸಿರು ಬಳೆ.

"ಇದೇನ ಚಿಗವ್ವಾ?" ಅಂದೆ, ಉಳಿದವರಿಗೆ ಕೇಳಿಸದಂತೆ.

"ಬೋರ್ಡು. ಎಲ್ಲಾರಿಗೂ ಓದಾಕ ಬರೂವಂಥಾದ್ದು."

ಅವಳು ಹುಟ್ಟಿದ್ದು ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಭಂಡಾರ, ಬಳೆ ಮಾರುವ ಮನೆಯಲ್ಲಿ. ಜನ ಎಲ್ಲಿ ನಿಂತು ಕೈ ಮುಗಿಯುತ್ತಾರೆ ಅನ್ನುವುದನ್ನು ನೋಡುತ್ತಲೇ ಬೆಳೆದವಳು. ಕೊಡಲಿ ನಿಂತೇಹೋಯಿತು. ಇಟ್ಟಂಗಿ ಸುರಿಯುವುದೂ ನಿಂತಿತು. ಮಳೆಗಾಲಗಳು ಕಳೆದಂತೆ ಹೊಂಗೆಗಳು ತಲೆ ಕೂಡಿಸಿದವು, ಹಳ್ಳದ ಗುಂಟ ನವಿಲು ಬಂದವು.

ಜನವೂ ಬಂದರು. ಮೊದಲು ಯಾರೋ ಒಂದು ಕಾಯಿ ಒಡೆದರು, ಆಮೇಲೆ ಮಂಗಳವಾರಕ್ಕೊಮ್ಮೆ ಉಡಿ ತುಂಬುವುದು ಶುರುವಾಯಿತು. ಕಲ್ಲಿಗೆ ಹಳ್ಳದವ್ವ ಎಂಬ ಹೆಸರಾಯಿತು. ಒಬ್ಬರ ಮಗಳಿಗೆ ಗಂಡು ಗೊತ್ತಾಯಿತಂತೆ, ಇನ್ನೊಬ್ಬರ ಕಳೆದ ಎಮ್ಮೆ ಸಿಕ್ಕಿತಂತೆ. ಕಡೆಗೆ ಒಂದು ಕಮಿಟಿಯೇ ಆಯಿತು. ಓಣಿಯ ಸಿಮೆಂಟ್ ಅಂಗಡಿಯ ಸಾವಕಾರರು ಅದರ ಅಧ್ಯಕ್ಷರು. ಒಳ್ಳೆಯ ಮನುಷ್ಯ, ಸಸಿಗಳಿಗೆ ನೀರು ಹಾಯಿಸಲು ನಮಗೆ ಪೈಪು ಕೊಟ್ಟವರೇ ಅವರು. ಹಳ್ಳದವ್ವನಿಗೆ ಪತ್ರಾಸು ತಗಡಿನ ಶೆಡ್ಡು, ನೆಲಕ್ಕೆ ಟೈಲ್ಸು, ಗಾಡಿ ನಿಲ್ಲಿಸಲು ಬಯಲು ಆಗಬೇಕು ಅಂದರು. ಅದಕ್ಕಾಗಿ ಬೇವೊಂದನ್ನು ಬಿಟ್ಟು ಉಳಿದ ಗಿಡಗಳನ್ನೆಲ್ಲ ತೆಗೆಸಬೇಕು. ಜೆಸಿಬಿಗೆ ಹೇಳಿಯೂ ಆಗಿತ್ತು.

ಚಿಗವ್ವನಿಗೆ ಊಟ ಸೇರದಾಯಿತು. ಕಾಯಲೆಂದು ಇಟ್ಟ ಕಲ್ಲೇ ಜೆಸಿಬಿ ಕರೆಯಿತಲ್ಲ ಎಂದು ಒಂದೇ ಸಮನೆ ಅನ್ನುವಳು. ಇದ್ದದ್ದನ್ನು ಇದ್ದಂಗೆ ಹೇಳಿಬಿಡು ಅಂದೆ. ದೇವರ ಹೆಸರಲ್ಲಿ ಆಟ ಆಡಿದಳು ಅಂತ ಓಣಿಯವರು ಉಗಿದಾರು ಎಂಬ ಅಂಜಿಕೆ ಅವಳಿಗೆ. ಆದರೂ ಕಮಿಟಿ ಬೇವಿನ ಕೆಳಗೆ ಜಮಖಾನೆ ಹಾಸಿ ಕೂತ ದಿನ ನನ್ನನ್ನು ಕರೆದುಕೊಂಡು ಹೋದಳು. ಕಲ್ಲನ್ನು ಹಳ್ಳದಿಂದ ತಂದವಳು ತಾನು, ಭಂಡಾರ ತವರಿನದು, ಬಳೆ ತನ್ನವೇ ಹಳೆಯವು ಎಂದು ನಿಂತುಕೊಂಡೇ ಹೇಳಿದಳು.

ಯಾರೂ ಉಗಿಯಲಿಲ್ಲ. ಸಾವಕಾರರು ನಕ್ಕು ಕೈ ಮುಗಿದರು. "ನಾ ಇಟ್ಟೇನಿ ಅಂತ ನೀವು ತಿಳಕೊಂಡೀರಿ ಅಕ್ಕಾರ. ಆಕಿ ನಿಮ್ಮ ಕೈಲೆ ಇಡಿಸಿಕೊಂಡಾಳ."

ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಒಬ್ಬ ಮುದುಕಿ ಎದ್ದು ಬಂದು ಚಿಗವ್ವನ ಕಾಲು ಮುಟ್ಟಿದಳು. ಇನ್ನು ಗಿಡಗಳ ಕತೆ ಮುಗಿಯಿತು ಅಂದುಕೊಂಡೆ.

ಚಿಗವ್ವ ಕಾಲು ಹಿಂದೆಳೆದುಕೊಂಡಳು. "ಆತ್ರಿ ಸಾವಕಾರ್ರ, ಆಕೀನ ಇಡಿಸಿದ್ಲು ಅನ್ನೂಣು. ಈ ಗಿಡಾನೂ ಇದ ಕೈಲೆ ಹಚ್ಚೇನಿ. ಕಲ್ಲ ಆಕೀದು, ಗಿಡ ಅಷ್ಟ ನನ್ನವು ಅಂತ ಹೆಂಗ ಪಾಲ ಮಾಡ್ತೀರಿ?"

ಸಾವಕಾರರು ಕಲ್ಲು ನೋಡಿದರು, ಹೊಂಗೆ ನೋಡಿದರು. "ಹಂಗಾರ ಗಾಡಿ ಎಲ್ಲಿ ನಿಲ್ಲಸೂದ್ರಿ?"

"ರೋಡಿನ್ಯಾಗ. ಗುಡ್ಡಕ್ಕ ಸವದತ್ತಿತನಾ ನಡಕೊಂತ ಹೋಗ್ತೀರಿ, ಇಷ್ಟಕ್ಕ ಕಾಲ ಬರೂದಿಲ್ಲೇನು?"

ನಗು ಎದ್ದಿತು, ಸಾವಕಾರರೂ ನಕ್ಕರು. ಎಲ್ಲವೂ ಉಳಿಯಿತು ಅಂತ ಹೇಳಲಾರೆ. ಜೆಸಿಬಿ ಬಂದೇ ಬಂತು. ರಸ್ತೆಗೆ ಹತ್ತಿದ ಅಂಚಿನ ಅತ್ತಿ, ಹುಣಸೆಗಳು ಹೋದವು, ಅಲ್ಲೀಗ ಗಾಡಿ ನಿಲ್ಲುತ್ತವೆ. ಶೆಡ್ಡು, ಟೈಲ್ಸಿನ ಮಾತು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ.

ಚಿಗವ್ವ ಈಗ ಪ್ರತಿ ಮಂಗಳವಾರ ಬೇವಿನ ಕೆಳಗೆ ಕೂತಿರುತ್ತಾಳೆ. ಉಡಿ ತುಂಬಲು ಬಂದವರಿಗೆ, ಮೊದಲು ಹೊಸ ಸಸಿಗಳಿಗೆ ಒಂದು ಕೊಡ ನೀರು ಹಾಕಿ ಬರ್ರಿ ಅನ್ನುತ್ತಾಳೆ. ಹಂಗಂತ ಹಳ್ಳದವ್ವ ಹೇಳ್ಯಾಳೇನ್ರಿ ಎಂದು ಕೆಲವರು ಕೇಳುವುದುಂಟು. ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. ಕೊಡ ತೋರಿಸುತ್ತಾಳೆ.