ಅಗಸೆ ಲೋಳೆ ಮತ್ತು ಎಡಗಿವಿಯ ಹಿಂದಿನ ಗಂಟು

ಮೊನ್ನೆ ಯಲಬುರ್ಗಾ ಸಂತೆಯಲ್ಲಿ ಒಬ್ಬ ಮುದುಕ ನನ್ನ ಕಾಲಿಗೆ ಬಿದ್ದ.

ನಾನು ಉಳ್ಳಾಗಡ್ಡಿ ಆರಿಸುತ್ತ ಕೂತಿದ್ದೆ. ಅವನ ಗುರುತು ನನಗಿಲ್ಲ. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ ಬಿದ್ದ. ಎದ್ದಮೇಲೂ ನನ್ನ ಮುಖ ನೋಡಲಿಲ್ಲ. ಎಡಗಿವಿಯ ಹಿಂದೆ ಸೆರಗು ಉಬ್ಬಿದ್ದ ಜಾಗವನ್ನೇ ನೋಡುತ್ತ, "ಬೇವೂರಿಂದ ನಡ್ಕೊಂಡ ಬಂದೇನ್ರಿ ಅವ್ವಾ, ಇದನ್ನ ನೋಡಾಕ," ಎಂದ. ಉಳ್ಳಾಗಡ್ಡಿ ಮಾರುವವಳೂ ಎದ್ದು ನಿಂತು ಕೈಮುಗಿದಳು.

ಮುಗಿಯಿತು ನನ್ನ ಮರ್ಯಾದೆ! ಹತ್ತು ವರ್ಷದಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ದೆವ್ವ ಇಲ್ಲ, ಮಾಟ ಇಲ್ಲ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೆ. (ಅದಕ್ಕೇ ನನ್ನನ್ನು ಬೈದು ಕಾರ್ಡು ಬರೆಯುವ ಕುಷ್ಟಗಿಯ ಓದುಗರೊಬ್ಬರಿದ್ದಾರೆ. ಈ ವಾರ ಅವರು ಹೊಟ್ಟೆತುಂಬ ನಗಬಹುದು.)

ನನ್ನ ಕೂದಲು ಗುಂಗುರು. ಎಂಥ ಗುಂಗುರೆಂದರೆ ಹಣಿಗೆ ಒಳಗೆ ಹೋದರೆ ಹಲ್ಲು ಕಳೆದುಕೊಂಡೇ ಹೊರಗೆ ಬರುವುದು. ಅದನ್ನು ಮಲಗಿಸಲು ನನ್ನದೇ ಒಂದು ಪದ್ಧತಿ ಇತ್ತು. ಹದಿನೈದು ದಿನಕ್ಕೊಮ್ಮೆ ಬೆಚ್ಚನೆಯ ಔಡಲೆಣ್ಣೆ ತಿಕ್ಕುವುದು. ಅಗಸೆ ಬೀಜ ಕುದಿಸಿ, ಆ ಲೋಳೆಯನ್ನು ಬುಡದಿಂದ ತುದಿಯವರೆಗೆ ಎಳೆದು ಹಚ್ಚಿ, ಬಟ್ಟೆ ಬಿಗಿದು ಕಟ್ಟುವುದು. ಮರುದಿನ ಬಿಚ್ಚಿ ತೊಳೆದರೆ ಕೂದಲು ಪಟ್ಟಾಗಿ ಕೂತಿರುತ್ತಿತ್ತು. ಆದರೆ ನಡುವಿನ ದಿನಗಳ ಫಜೀತಿ? ಬುಡದಲ್ಲಿ ಹೊಸ ಕೂದಲು ಗೋಧಿಕಾಳಿನಷ್ಟು ಬಂದಿತೋ, ಅದು ಎದ್ದೇ ನಿಲ್ಲುವುದು. ಮೇಲೆ ಸಾಪು, ಕೆಳಗೆ ಸುರುಳಿ! ಅದನ್ನು ಮುಚ್ಚಲು ಬೈತಲೆ ಬದಲಿಸಬೇಕು, ತುರುಬು ಕೆಳಗಿಳಿಸಬೇಕು, ಅಲ್ಲಷ್ಟು ಇಲ್ಲಷ್ಟು ಲೋಳೆ ಸವರಬೇಕು. ಗಂಗಾವತಿಯ ಶಾಲೆಯಲ್ಲಿದ್ದಾಗ ಹುಡುಗಿಯರು ಇದನ್ನು "ಅಕ್ಕೋರ ಸ್ಟೈಲ್" ಎನ್ನುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಆಮೇಲೆ ಯಲಬುರ್ಗಾಕ್ಕೆ ಟ್ರಾನ್ಸ್‌ಫರ್ ಆಯಿತು. ಮನೆ ಸಿಕ್ಕಿದ್ದು ದ್ಯಾಮವ್ವ ಎಂಬ ಮುದುಕಿಯ ಅಂಗಳದಲ್ಲಿ. ಅಂಗಳದ ಈಚೆಗೆ ನನ್ನ ಕೋಣೆ, ಆಚೆಗೆ ದ್ಯಾಮವ್ವ, ಅವಳ ಸೊಸೆ ನೀಲವ್ವ ಮತ್ತು ನೀಲವ್ವನ ಮಗಳು ಚೆನ್ನಿ. ಚೆನ್ನಿಗೆ ಒಂಬತ್ತು ವರ್ಷ, ನನ್ನದೇ ಶಾಲೆ. ವಿಷಮಜ್ವರ ಬಂದು ಅವಳ ಕೂದಲೆಲ್ಲ ಉದುರಿತ್ತು. ಹೊಸದಾಗಿ ಬಂದದ್ದು ನನ್ನ ಕೂದಲಿನ ಹಾಗೇ ಗುಂಗುರು.

ಒಂದು ದಿನ ನೀಲವ್ವ ಅತ್ತೆ ಇಲ್ಲದ ಹೊತ್ತು ನೋಡಿ ಬಂದಳು. "ಅಕ್ಕೋರ, ನಿಮ್ಮ ಕೂದ್ಲ ಕುಂದ್ರಸ್ದಂಗ ನಮ್ಮ ಚೆನ್ನಿ ಕೂದ್ಲನೂ ಕುಂದ್ರಸ್ರಿ. ನಮ್ಮ ಅತ್ತಿ ಕಣ್ಣು ಆಕಿ ತಲಿ ಮ್ಯಾಲೆ ಐತಿ. ಜಡಿ ಬರೂ ಲಕ್ಷಣ ಅಂತಾಳ್ರಿ."

ಜಡಿ ಎಂದರೆ ಕೂದಲು ಹೆಣೆದುಕೊಂಡು ಬಿಚ್ಚಲು ಬಾರದ ಗಂಟಾಗುವುದು. ನಮ್ಮ ಕಡೆ ಹುಡುಗಿಯ ತಲೆಯಲ್ಲಿ ಅದು ಕಾಣಿಸಿತೆಂದರೆ ದೇವಿ ಕೈಯಿಟ್ಟಳೆಂದೇ ಅರ್ಥ. ಕೊರಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಡುತ್ತಾರೆ. ಆಮೇಲೆ ಅವಳಿಗೆ ಮದುವೆಯಿಲ್ಲ, ಶಾಲೆಯಿಲ್ಲ, ದೊಡ್ಡವಳಾದ ಮೇಲೆ ಊರಿನ ಗಂಡಸರು ಅವಳ ಬಾಗಿಲು ಬಡಿಯುವುದು ತಪ್ಪುವುದಿಲ್ಲ.

ನಾನು ಲೋಳೆ ಕುದಿಸಿದೆ. ಹದಿನೈದು ದಿನಕ್ಕೊಮ್ಮೆ, ಮೂರು ಸಲ ಹಚ್ಚಿದೆ. ತೊಳೆಯುವುದು ಅವರ ಮನೆಯಲ್ಲಿ. ಮೂರನೆಯ ಸಲದ ಮರುವಾರ ಚೆನ್ನಿ ಶಾಲೆಗೆ ಬರಲಿಲ್ಲ.

ಹೋಗಿ ನೋಡಿದರೆ ಹುಡುಗಿ ಕಂಬಳಿಯ ಮೇಲೆ ಕೂತಿದ್ದಾಳೆ. ಹಣೆತುಂಬ ಭಂಡಾರದ ಅರಿಸಿನ. ಎಡಗಿವಿಯ ಹಿಂದೆ ನಿಂಬೆಕಾಯಿಯಷ್ಟು ಗಂಟು. ನಿನ್ನೆಯವರೆಗೆ "ಏ ಮೂಳ" ಎನ್ನುತ್ತಿದ್ದ ಮುದುಕಿ ಮೊಮ್ಮಗಳ ಎದುರು ಬಗ್ಗಿ ನಿಂತು, "ಹಾಲು ಕುಡೀರಿ ಅವ್ವಾ," ಎನ್ನುತ್ತಿದ್ದಾಳೆ!

"ಚೆನ್ನಿ," ಎಂದೆ.

"ಹಂಗ ಕರೀಬ್ಯಾಡ್ರಿ ಅಕ್ಕೋರ," ಎಂದಳು ಹುಡುಗಿ, ಎಲ್ಲೋ ನೋಡುತ್ತ. "ಮುಟ್ಟಿ ನೋಡ್ರಿ ಇದನ್ನ. ಬೆಚ್ಚಗ ಐತಿ."

ಮುಟ್ಟಿದೆ. ಬೆಚ್ಚಗಿತ್ತು. ಬಿಸಿಲಿಗೆ ಕೂತಿದ್ದಳಲ್ಲ, ಅದಕ್ಕೆ ಎಂದುಕೊಂಡೆ. (ಅಲ್ಲಿ ಬಿಸಿಲಿತ್ತೇ? ಈಗ ನೆನಪಾಗುತ್ತಿಲ್ಲ.) ಬೆರಳಿಗೆ ಬೂದುಬಣ್ಣದ ಹೊಟ್ಟು ಹತ್ತಿತು. ಮೂಸಿದರೆ ಅಗಸೆ. ನಾಲಿಗೆಗೆ ಹಚ್ಚಿದರೆ ಉಪ್ಪು.

ಆಗ ತಿಳಿಯಿತು ನನ್ನ ಘನಂದಾರಿ ಕೆಲಸ. ನಾನು ತಲೆಗೆ ಊರಾಚೆಯ ಸಿಹಿನೀರು ತರಿಸುತ್ತೇನೆ. ಅವರದು ಹಿತ್ತಲ ಬಾವಿಯ ಸವಳು ನೀರು. ಆ ನೀರಿಗೆ ಸೀಗೆಕಾಯಿ ನೊರೆ ಬರುವುದಿಲ್ಲ, ಲೋಳೆ ಬಿಡುವುದಿಲ್ಲ. ಮೂರು ಸಲದ ಲೋಳೆ ಒಂದರ ಮೇಲೊಂದು ಒಣಗಿ, ಹೊಸ ಕೂದಲಿನ ಸುರುಳಿಯನ್ನು ಒಳಗೇ ಹಿಡಿದು ಅಂಟಾಗಿದೆ. ಜಡಿ ಬಾರದಿರಲಿ ಎಂದು ಹಚ್ಚಿದ್ದೇ ಜಡಿ ತಂದಿದೆ. ಆ ಹುಡುಗಿಯ ತಲೆಗೆ ದೇವಿಯನ್ನು ಕರೆತಂದವಳು ನಾನು! ಅಯ್ಯೋ ಪಾಪಿ ಎಂದು ನನ್ನನ್ನೇ ಬೈದುಕೊಂಡೆ.

ದ್ಯಾಮವ್ವನ ಎದುರು ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡರೆ, ಮುದುಕಿ ನಕ್ಕಳು. "ಆ ಲೋಳಿ ವಾಸನಿ ನನಗ ಬರಲಿಲ್ಲ ಅಂತ ತಿಳದೀರೇನ್ರಿ? ನಿಮ್ಮ ಕೈಲೆ ಹಚ್ಚಿಸಿದಾಕಿನೂ ಆ ದೇವೀನ."



"ಬಿಸಿನೀರಲ್ಲಿ ನೆನಸಿ ಬಿಡಿಸ್ತೀನಿ, ಬರೀ ಒಂದು ತಾಸು ಕೊಡಿ," ಎಂದೆ. ಮುದುಕಿಯ ನಗೆ ಹೋಯಿತು. "ನಮ್ಮ ತಂಗಿ ಜಡಿ ಕತ್ತರಿಸಿದ್ರು. ಅಮಾಸಿ ದಾಟಲಿಲ್ಲ ಆಕಿ. ನನ್ನ ತೊಡಿ ಮ್ಯಾಲೇ ಸತ್ಲು. ಈ ಕೂಸು ಸಾಯೂದು ಬ್ಯಾಡ್ರಿ ನನಗ." ಅಲ್ಲಿಯವರೆಗೆ ಅವಳನ್ನು ರಾಕ್ಷಸಿ ಎಂದುಕೊಂಡಿದ್ದೆ. ಪಾಪ, ಹೆದರಿಕೆ ಅವಳದು.

ಮುತ್ತು ಕಟ್ಟಿಸುವುದು ಹುಣ್ಣಿಮೆಗೆ. ಉಳಿದದ್ದು ಹದಿನೆಂಟು ದಿನ.

ಮಾತು ನಡೆಯದಿದ್ದರೆ ಪ್ರೂಫ್ ನಡೆಯುತ್ತದೆ ಎಂದು ನಾನು ನಂಬಿದ್ದ ಕಾಲ ಅದು. ನನ್ನ ತಲೆಯನ್ನೇ ಎರಡು ಭಾಗ ಮಾಡಿದೆ. ಎರಡೂ ಕಡೆ ಲೋಳೆ ಹಚ್ಚಿದೆ. ಬಲಗಡೆಗೆ ಸಿಹಿನೀರು, ಎಡಗಡೆಗೆ ಸವಳು ನೀರು. ಐದು ದಿನಕ್ಕೊಮ್ಮೆ, ಮೂರು ಸಲ. ಹದಿನಾರನೆಯ ದಿನಕ್ಕೆ ಎಡಗಿವಿಯ ಹಿಂದೆ ಗಂಟು ತಯಾರು! ಬಲಗಡೆ ಹಣಿಗೆ ಸರಾಗ ಹೋಗುತ್ತಿತ್ತು. ಎಕ್ಸ್‌ಪೆರಿಮೆಂಟ್ ಎಂದರೆ ಇದಪ್ಪಾ ಎಂದು ಕುಣಿಯುವಷ್ಟು ಖುಷಿಯಾಯಿತು.

ಹಾಡುಹಗಲೇ ಓಣಿಯ ಹಿರಿಯರನ್ನೆಲ್ಲ ಅಂಗಳಕ್ಕೆ ಕರೆಸಿದೆ. ಸೆರಗು ಸರಿಸಿ ತೋರಿಸಿದೆ. "ನೋಡಿ, ಇದು ಲೋಳೆ, ಇದು ಸವಳು. ಇಷ್ಟೇ. ಇದಕ್ಕೆ ಚೆನ್ನಿಯನ್ನು ಬಿಡುವುದಾದರೆ ನನ್ನನ್ನೂ ಬಿಡಿ!"

ದ್ಯಾಮವ್ವ ಗೋಡೆ ಹಿಡಿದು ಎದ್ದಳು. ನನ್ನ ಬಳಿ ಬಂದು ಗಂಟಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು. ಆಮೇಲೆ ಚೆನ್ನಿಯ ಹತ್ತಿರ ಹೋಗಿ ಅವಳ ಗಂಟನ್ನೂ ಮುಟ್ಟಿದಳು.

"ಕೂಸಿಂದು ತಣ್ಣಗ ಆಗೈತಿ," ಎಂದಳು. "ತಾಯಿ ಕೂಸಿನ್ನ ಬಿಟ್ಟು ಅಕ್ಕೋರ ಮ್ಯಾಲೆ ಬಂದಾಳ."

ಹಿರಿಯರೆಲ್ಲ ಕೈಮುಗಿದರು.

ಆ ಮುದುಕಿ ತಾನೇ ಕತ್ತರಿ ತಂದಳು. ಮೊಮ್ಮಗಳ ಗಂಟನ್ನು ತನ್ನ ಕೈಯಾರೆ ಕತ್ತರಿಸಿ ಅಂಗಳಕ್ಕೆ ಎಸೆದಳು. "ಈಗ ಇದು ಬರೀ ಕೂದ್ಲ." ನೀಲವ್ವ ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಸೋತೆನೋ ಗೆದ್ದೆನೋ ಗೊತ್ತಾಗಲಿಲ್ಲ. ಹುಡುಗಿ ಉಳಿದಳಲ್ಲ, ಸಾಕು ಎನಿಸಿತು.

ನಾನು ಕೋಣೆಗೆ ಹೊರಡುವಾಗ ದ್ಯಾಮವ್ವ ನನ್ನ ಕೈ ಹಿಡಿದಳು. "ನೀವು ಮಾತ್ರ ಇದನ್ನ ಬಿಡಸಬ್ಯಾಡ್ರಿ ಅವ್ವಾ. ಬಿಡಸಿದ್ರ ಆ ತಾಯಿ ಎಲ್ಲಿಗೆ ಹೋಗಬೇಕು?" ಎನ್ನುತ್ತ ಚೆನ್ನಿಯ ಕಡೆ ನೋಡಿದಳು.

ಇದಾಗಿ ಮೂರು ತಿಂಗಳು. ಚೆನ್ನಿ ಎರಡು ಗಿಡ್ಡ ಜಡೆ ಹಾಕಿಕೊಂಡು ಶಾಲೆಗೆ ಬರುತ್ತಾಳೆ, ಮಗ್ಗಿ ತಪ್ಪುತ್ತಾಳೆ, ನನ್ನಿಂದ ಬೈಸಿಕೊಳ್ಳುತ್ತಾಳೆ. ನಾನು ಗಂಟು ಹೊತ್ತು ತಿರುಗುತ್ತೇನೆ. ಅದರ ಬುಡದಲ್ಲಿ ಹೊಸ ಕೂದಲು ಎರಡು ಬೆರಳು ಬಂದು, ಗಂಟು ಕಿವಿಯಿಂದ ಕೆಳಗಿಳಿದಿದೆ. ಮುಚ್ಚಲು ಈಗ ಬೈತಲೆ ಬಲಕ್ಕೆ, ತುರುಬು ಎಡಕ್ಕೆ. ಬರುವ ವಾರ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರಂತೆ. ಜಡಿ ಹೊತ್ತ ಟೀಚರು ಹುಡುಗಿಯರಿಗೆ ಏನು ಕಲಿಸುತ್ತಾಳೆಂದು ಯಾರೋ ಅರ್ಜಿ ಹಾಕಿದ್ದಾರೆ. ನೌಕರಿ ಉಳಿಯಬೇಕಾದರೆ ಇದು ಹೋಗಬೇಕು.

ಬರೀ ಕೂದಲಲ್ಲವೇ? ಲೋಳೆ, ಸವಳು, ಸುರುಳಿ. ನಾನೇ ಕೈಯಾರೆ ಮಾಡಿದ್ದು. ಇವತ್ತು ಬೆಳಿಗ್ಗೆ ಕತ್ತರಿ ತೆಗೆದಿಟ್ಟು, ಮೊದಲು ಬಲಗಡೆ ಬಾಚೋಣ ಎಂದು ಹಣಿಗೆ ಹಾಕಿದೆ. ಬಲಗಿವಿಯ ಹಿಂದೆ ಅದು ನಿಂತುಬಿಟ್ಟಿತು.

ಬೆರಳು ಹಾಕಿ ನೋಡಿದೆ. ಕಡಲೆಕಾಳಿನಷ್ಟು ಗಂಟು. ಮೂರು ತಿಂಗಳಿಂದ ನಾನು ಲೋಳೆ ಮುಟ್ಟಿಲ್ಲ. ಆ ಕಡೆಗೆ ಸವಳು ನೀರಂತೂ ಎಂದೂ ಬಿದ್ದಿಲ್ಲ. ಮೂಸಿದರೆ ಯಾವ ವಾಸನೆಯೂ ಇಲ್ಲ. ಕೋಣೆಯಲ್ಲಿ ಬಿಸಿಲೂ ಇರಲಿಲ್ಲ. ಆದರೂ ಬೆಚ್ಚಗಿತ್ತು.

ಹೊರಗೆ ಅಂಗಳದಲ್ಲಿ ಚೆನ್ನಿ ಕುಂಟಲಿಪಿ ಆಡುತ್ತಿದ್ದಳು. ನಾನು ಕತ್ತರಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆ.

ನನಗೆ ಬುದ್ಧಿ ಹೇಳಲು ಕಾರ್ಡು ಬರೆಯುವವರು ಇದೊಂದಕ್ಕೆ ಉತ್ತರ ಬರೆಯಿರಿ: ನಾನು ಇದನ್ನು ಕತ್ತರಿಸುತ್ತೇನೆ, ನಾಳೆ ಬೆಳಿಗ್ಗೆ ಆ ಹುಡುಗಿಯ ತಲೆ ಮುಟ್ಟಿ ನೋಡುವವರು ನಿಮ್ಮಲ್ಲಿ ಯಾರು?