ಉಬಲ್ದಿನಾಳ ಕೈಗುಣ

ನಮ್ಮ ಬಂದರಿನಲ್ಲಿ ಯಾರಿಗೆ ಗಾಯವಾದರೂ ಮೊದಲು ಕೇಳುವ ಮಾತು ಒಂದೇ: "ಇವತ್ತು ಉಬಲ್ದಿನಾ ಇದಾಳಾ?" ಇಲ್ಲ ಎಂದರೆ, ಮೀನು ಕೊಯ್ಯುವ ಚೂರಿ ಹೆಬ್ಬೆರಳನ್ನು ಸೀಳಿದ್ದರೂ ಸರಿ, ಬಟ್ಟೆ ಸುತ್ತಿಕೊಂಡು ಮನೆಗೆ ಹೋಗಿ ಮಾರನೆಯ ದಿನ ಬರುತ್ತಾರೆ. ಅದೇ ಆರೋಗ್ಯ ಕೇಂದ್ರದಲ್ಲಿ, ಅದೇ ನೀಲಿ ಅಂಗಿ ತೊಟ್ಟು, ಅದೇ ಸೂಜಿ ಹಿಡಿದು ಇಪ್ಪತ್ತೆರಡು ವರ್ಷದಿಂದ ನಾನೂ ಕೂತಿದ್ದೇನೆ. ನನ್ನ ಹೆಸರು ಎಲೋದಿಯಾ. ಯಾರೂ ಕೇಳುವುದಿಲ್ಲ, ಅದಕ್ಕೇ ನಾನೇ ಹೇಳಿಬಿಟ್ಟೆ.

ಉಬಲ್ದಿನಾ ಅಂಚುಂದಿಯಾ ಮತ್ತು ನಾನು ಸಹಾಯಕ ನರ್ಸುಗಳಾಗಿ ಸೇರಿದ್ದು ಒಂದೇ ವಾರ. ನಾನು ಪೋರ್ತೊವಿಯೆಹೋ ನಗರದಲ್ಲಿ ಓದಿ, ಸೀಲು ಹೊಡೆದ ಸರ್ಟಿಫಿಕೇಟು ತಂದವಳು. ಅವಳು ಒಬ್ಬ ಮುದುಕ ದಂತವೈದ್ಯನ ಅಂಗಡಿಯಲ್ಲಿ ನೆಲ ಒರೆಸುತ್ತಾ, ಸಂಜೆ ತರಗತಿಗೆ ಹೋಗಿ ಹೇಗೋ ಪಾಸಾದವಳು. ಕುಳ್ಳಿ, ದಪ್ಪ, ಮೈಯೆಲ್ಲ ಹುರಿದ ಕಡಲೆಕಾಯಿಯ ವಾಸನೆ. ಅವಳು ಕಾರಿಡಾರಿನಲ್ಲಿ ನಡೆದರೆ ಬೆಂಚಿನ ಮೇಲಿನ ರೋಗಿಗಳು ನೆಂಟರು ಬಂದ ಹಾಗೆ ಎದ್ದು ನಿಲ್ಲುತ್ತಾರೆ.

"ಎಂಥಾ ಕೈಗುಣ ನೋಡಿ! ರಕ್ತಾನೇ ಹೆದರ್ಕೊಂಡು ಒಳಗೆ ಹೋಗ್ಬಿಡುತ್ತೆ," ಎಂದು ಹೆಂಗಸರು ನನ್ನೆದುರಿಗೇ ಹೇಳುತ್ತಾರೆ. ನಾನು ಹೊಲಿಯುವಾಗ ಆ ರಕ್ತಕ್ಕೆ ಯಾವ ಹೆದರಿಕೆಯೂ ಇಲ್ಲ. ಒರೆಸು, ಒಂದು ಹೊಲಿಗೆ ಹಾಕು, ಮತ್ತೆ ಒರೆಸು. ಅವಳದ್ದಾದರೆ ಒಣಗಿದ ಬಟ್ಟೆ ಹೊಲಿದಂತೆ. ಇಬ್ಬರದ್ದೂ ಅದೇ ಮದ್ದು, ಅದೇ ಬಾಟಲಿ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ?

ಅವಳ ಗುಟ್ಟೇನೆಂದು ಬಾಗಿಲ ಸಂದಿಯಿಂದ ನೋಡಿದ್ದೇನೆ. ಗುಟ್ಟೇನೂ ಇಲ್ಲ. ಇಂಜೆಕ್ಷನ್ ಚುಚ್ಚುತ್ತಾಳೆ, ಸ್ಟೂಲು ಎಳೆದುಕೊಂಡು ಕೂರುತ್ತಾಳೆ, ಹರಟೆ ಹೊಡೆಯುತ್ತಾಳೆ. ಅವನ ದೋಣಿ, ಇವಳ ನಾದಿನಿ, ಪಾದ್ರಿಯ ಹೊಸ ಹಲ್ಲು. ಅರ್ಧ ಗಂಟೆ!

ನಮ್ಮಲ್ಲಿ ಜೋಮು ಹಿಡಿಸುವ ಮದ್ದು ಎರಡು ಬಗೆ. ಬರಿಯದ್ದು ನೋವನ್ನೇನೋ ಕೊಲ್ಲುತ್ತದೆ, ಆದರೆ ಚರ್ಮದ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಜಾಗ ಕೆಂಪಗಾಗಿ ರಕ್ತ ಇನ್ನೂ ಹೆಚ್ಚು ಬರುತ್ತದೆ. ಕೆಂಪು ಮುಚ್ಚಳದ್ದರಲ್ಲಿ ಆ ನಾಳಗಳನ್ನು ಹಿಂಡಿ ಮುಚ್ಚುವ ಇನ್ನೊಂದು ಮದ್ದು ಬೆರೆತಿರುತ್ತದೆ. ಆದರೆ ಜೋಮು ಹಿಡಿಯಲು ಮೂರು ನಿಮಿಷ ಸಾಕು, ನಾಳ ಪೂರಾ ಮುಚ್ಚಲು ಹೆಚ್ಚುಕಮ್ಮಿ ಅರ್ಧ ಗಂಟೆ ಬೇಕು. ಇದನ್ನು ನಾನೂ ಓದಿದ್ದೆ. ಬೆಂಚಿನ ಮೇಲೆ ಹನ್ನೆರಡು ಜನ ಕೂತಿರುವಾಗ ಯಾರು ಕಾಯುತ್ತಾರೆ?

"ನೋವು ಹೋಗಿದ್ದನ್ನ ರೋಗಿ ಹೇಳ್ತಾನೆ, ಕೊಮಾದ್ರೆ. ರಕ್ತ ಹೋಗಿದ್ದನ್ನ ಚರ್ಮ ಹೇಳ್ಬೇಕು," ಎಂದು ಒಮ್ಮೆ ಅವಳೇ ಹೇಳಿದ್ದಳು. "ಬೇಯಿಸಿದ ಮರಗೆಣಸಿನ ಹಾಗೆ ಬೆಳ್ಳಗಾಗ್ಬೇಕು. ನಮ್ಮ ಹಲ್ಲಿನ ಡಾಕ್ಟ್ರು ಅಲ್ಲೀವರೆಗೂ ಇಕ್ಕಳ ಮುಟ್ತಿರ್ಲಿಲ್ಲ."

ನೆಲ ಒರೆಸಿದವಳು ನನಗೆ ಪಾಠ ಹೇಳುತ್ತಾಳಲ್ಲ ಎಂದು ಮೈ ಉರಿದಿತ್ತು.

ಕೊಮಾದ್ರೆ, ಅಂದರೆ ತನ್ನ ಧರ್ಮಮಗಳ ತಾಯಿ, ಎಂದು ಅವಳು ಕರೆಯುವುದು ಸುಮ್ಮನೆ ಅಲ್ಲ. ನನ್ನ ಮಗಳು ನಾರ್ಸಿಸಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡವಳು ಉಬಲ್ದಿನಾ. ಆಗ ನಾವು ಗೆಳತಿಯರು. ಮಗುವಿಗೆ ಒಳ್ಳೆಯ ಮದ್ರೀನಾ, ಧರ್ಮತಾಯಿ, ಸಿಗಲೆಂದು ನಾನೇ ಹೋಗಿ ಕೇಳಿಕೊಂಡಿದ್ದೆ. ಈಗ ನಾರ್ಸಿಸಾಳಿಗೆ ಹತ್ತೊಂಬತ್ತು. ಭಾನುವಾರ ಪೂಜೆ ಮುಗಿದರೆ ಅವಳ ಕಾಲು ಮೊದಲು ತಿರುಗುವುದು ಮದ್ರೀನಾಳ ಮನೆಗೆ, ಅಲ್ಲಿ ಕಡಲೆಕಾಯಿ ಸಾರಿನ ಮೀನು ತಿಂದು ಸಂಜೆ ನನ್ನ ಮನೆಗೆ. ಮೊದಲ ಪ್ರೀತಿಯ ಸುದ್ದಿಯನ್ನೂ ಅಲ್ಲೇ ಹೇಳಿದಳಂತೆ. ನನಗೆ ಗೊತ್ತಾದದ್ದು ಪಕ್ಕದ ಮನೆಯವಳಿಂದ.

ಹೋದ ವರ್ಷ ಒಂದು ವರ್ಷದ ಹಳ್ಳಿ ಸೇವೆಗೆಂದು ರಾಜಧಾನಿ ಕೀತೋದಿಂದ ಡಾಕ್ಟರ್ ಫ್ರೆಯ್ರೆ ಬಂದ. ಹುಡುಗು ಮುಖ, ಯಾವಾಗಲೂ ಕೈಗಡಿಯಾರದ ಮೇಲೇ ಕಣ್ಣು. ಅವನು ಬಂದ ಮೂರನೇ ವಾರ ನಾನು ಬಾಗಿಲು ಮುಚ್ಚಿಕೊಂಡು ಚಾಡಿ ಹೇಳಿದೆ.

"ಡಾಕ್ಟ್ರೇ, ಒಂದು ಕೈ ಹೊಲಿಯೋಕೆ ಅವಳಿಗೆ ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಗಂಟೆ ಬರೀ ಊರ ಸುದ್ದಿ. ಶುದ್ಧ ಸೋಮಾರಿತನ."

ಸೋಮವಾರ ಗೋಡೆಗೆ ಡಾಕ್ಟರ ಕಾಗದ ಅಂಟಿತ್ತು: ಚುಚ್ಚಿದ ಐದು ನಿಮಿಷದೊಳಗೆ ಹೊಲಿಗೆ ಶುರುವಾಗಬೇಕು. ಉಬಲ್ದಿನಾ ಅದರ ಮುಂದೆ ನಿಂತು, ಮುಖ ಹತ್ತಿರ ಒಯ್ದು, ಮತ್ತೆ ಹಿಂದೆ ಸರಿದು, "ಕನ್ನಡಕ ಮರ್ತು ಬಂದಿದೀನಿ, ಸ್ವಲ್ಪ ಓದು," ಎಂದಳು. ನಾನು ಓದಿದೆ. ಕಾರಿಡಾರಿನ ಕೊನೆಗೂ ಕೇಳುವಂತೆ ಓದಿದೆ.

ಆಮೇಲೆ ಅವಳ ಹೊಲಿಗೆಗಳು ಸೊಟ್ಟಗಾಗತೊಡಗಿದವು. ಮುಖದ ಗಾಯ ಬಂದರೆ "ಮಂಡಿ ನೋವು, ನೀನು ನೋಡು," ಎಂದು ನನ್ನ ಕಡೆ ತಳ್ಳುತ್ತಿದ್ದಳು. ಕೈಗುಣ ಹೋಯಿತಂತೆ ಎಂದು ಮೀನು ಮಾರುಕಟ್ಟೆಯಲ್ಲಿ ಗುಸುಗುಸು ಹಬ್ಬಿತು. ನಿಜ ಹೇಳುತ್ತೇನೆ, ಆ ವಾರಗಳಲ್ಲಿ ನನಗೆ ಊಟ ರುಚಿಸುತ್ತಿತ್ತು.

ಹಾಗಿರುವಾಗ ಒಂದು ಗುರುವಾರ ಬೆಳಿಗ್ಗೆ ಟ್ಯೂನಾ ಮೀನಿನ ಕಾರ್ಖಾನೆಯ ವ್ಯಾನು ಬಂದು ನಿಂತಿತು. ಇಳಿದವಳು ಅಲ್ಲಿ ಕೆಲಸಕ್ಕಿದ್ದ ನನ್ನ ಮಗಳು. ಅಲ್ಲಿ ಹೆಂಗಸರು ಭುಜಕ್ಕೆ ಭುಜ ತಾಗಿಸಿಕೊಂಡು ಮೀನು ಹಸನು ಮಾಡುತ್ತಾರೆ. ಪಕ್ಕದವಳು ಸೀನಿದಳಂತೆ, ಅವಳ ಕೈಯಲ್ಲಿದ್ದ ಚೂರಿ ಹಾರಿ ನಾರ್ಸಿಸಾಳ ಮೇಲ್ದುಟಿ ಸೀಳಿತ್ತು. ರಕ್ತ ನಿಲ್ಲಲಿ ಎಂದು ಯಾರೋ ಪುಣ್ಯಾತ್ಗಿತ್ತಿ ಗಾಯಕ್ಕೆ ಕಾಫಿಪುಡಿ ಮೆತ್ತಿದ್ದಳು. ನಮ್ಮೂರಲ್ಲಿ ಗಾಯವೆಂದರೆ ಕಾಫಿಪುಡಿ. ಎಷ್ಟು ಬೈದರೂ ಯಾರೂ ಬಿಟ್ಟಿಲ್ಲ.

ಅದನ್ನು ನಾನು ತೊಳೆಯುತ್ತಿದ್ದಾಗ ಮಗಳು ನನ್ನ ಮುಖ ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಾ, ರಕ್ತದ ಬಾಯಲ್ಲೇ "ಮದ್ರೀನಾ ಎಲ್ಲಿ?" ಎಂದಳು. ಅಂಥ ಹೊತ್ತಿನಲ್ಲೂ ನನ್ನ ಎದೆಗೆ ಖಾರ ಬಿದ್ದಂತಾಯಿತು.

ಉಬಲ್ದಿನಾ ಬಂದಳು. ಮುಖದ ಗಾಯ, ಆದರೂ ಈ ಸಲ ಮಂಡಿನೋವು ಎನ್ನಲಿಲ್ಲ. ಕೆಂಪು ಮುಚ್ಚಳದ ಬಾಟಲಿಯಿಂದ ಮದ್ದು ಎಳೆದುಕೊಂಡು, "ಮೊದ್ಲು ಪೆನ್ನಲ್ಲಿ ಚುಕ್ಕೆ ಇಡು, ಕೊಮಾದ್ರೆ," ಎಂದಳು. "ತುಟಿ ಬೆಳ್ಳಗಾದ್ಮೇಲೆ ತುಟಿ ಎಲ್ಲಿ, ಚರ್ಮ ಎಲ್ಲಿ ಅಂತ ಗೊತ್ತಾಗಲ್ಲ. ನಿನ್ನ ಮಗಳು, ನೀನೇ ಇಡು."

ಸೀಳಿನ ಎರಡೂ ಬದಿಗೆ, ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟೆ. ಇವೆರಡೂ ಎದುರುಬದುರು ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಬದುಕಿರುವಷ್ಟು ದಿನ ಸೊಟ್ಟ ತುಟಿ. ಉಬಲ್ದಿನಾ ಚುಚ್ಚಿ, ಗಾಯದ ಜಾಗಕ್ಕೆ ತೂತಿರುವ ಹಸಿರು ಬಟ್ಟೆಯನ್ನು ಕಣ್ಣೂ ಮುಚ್ಚುವಂತೆ ನಾರ್ಸಿಸಾಳ ಮುಖಕ್ಕೆ ಹೊದಿಸಿದಳು.

ಐದೇ ನಿಮಿಷಕ್ಕೆ ಡಾಕ್ಟರು ಬಂದ. "ಜೋಮು ಹಿಡಿದಿದೆಯಲ್ಲ? ಶುರು ಮಾಡಿ, ಶುರು ಮಾಡಿ."

ಉಬಲ್ದಿನಾ ಸೂಜಿ ಎತ್ತಿಕೊಂಡಳು. ತುಟಿ ಇನ್ನೂ ಕೆಂಪಗಿತ್ತು. ರಕ್ತ ಜಿನುಗಿ ನನ್ನ ಚುಕ್ಕೆಗಳು ಮುಳುಗುತ್ತಿದ್ದವು. ಸೂಜಿ ಇಳಿಯುತ್ತಾ ಬಂತು, ಎಲ್ಲಿ ಚುಚ್ಚಲಿ ಎಂದು ಹುಡುಕುವಂತೆ ಗಾಳಿಯಲ್ಲಿ ತಡವರಿಸಿತು.

"ಬೇಡ! ಕಾಯ್ಬೇಕು!" ಎಂದು ಕೂಗಿಬಿಟ್ಟೆ.

ಡಾಕ್ಟರು ನನ್ನತ್ತ ತಿರುಗಿದ. "ಕಾಯೋದು ಸೋಮಾರಿತನ ಅಂತ ದೂರು ಕೊಟ್ಟಿದ್ದು ನೀವೇ ಅಲ್ವಾ, ಎಲೋದಿಯಾ?"

ಉಬಲ್ದಿನಾ ತಲೆಯೆತ್ತಲಿಲ್ಲ. ಮುಖ ಮುಚ್ಚಿದ್ದ ನನ್ನ ಮಗಳ ಕಾಲ್ಬೆರಳುಗಳು ಮಾತ್ರ ಅಲುಗಿದವು.

"ಹೌದು, ನಾನೇ. ಹೊಟ್ಟೆಕಿಚ್ಚಿಗೆ ಕೊಟ್ಟೆ. ನನ್ನ ದೂರು ಹಾಳಾಗ್ಲಿ ಡಾಕ್ಟ್ರೇ, ಈಗ ಕಾಯ್ಲಿ."

ಅವನು ನನ್ನನ್ನು ನೋಡಿದ, ಗಡಿಯಾರ ನೋಡಿದ, ಬೆಂಚಿನ ಜನರನ್ನು ನೋಡಲು ಹೊರಗೆ ಹೋದ.

"ನಂಗೊತ್ತಿತ್ತು," ಎಂದಳು ಉಬಲ್ದಿನಾ ಸ್ಟೂಲು ಎಳೆದುಕೊಳ್ಳುತ್ತಾ. "ಆ ಕಾಗದ ಎಷ್ಟು ಖುಷಿಯಿಂದ ಓದ್ದೆ ನೀನು!" ಅಷ್ಟೇ. ಆಮೇಲೆ ನಾರ್ಸಿಸಾಳ ತಲೆ ಸವರುತ್ತಾ ಪಾದ್ರಿಯ ಹಲ್ಲಿನ ಕಥೆ ಶುರು ಮಾಡಿದಳು. ನಾನು ತುಟಿಯನ್ನೇ ನೋಡುತ್ತಾ ನಿಂತೆ. ಹತ್ತು ನಿಮಿಷಕ್ಕೆ ಅಂಚು ಮಾಸಿತು. ಇಪ್ಪತ್ತಕ್ಕೆ ಜಿನುಗುವುದು ನಿಂತಿತು. ಅರ್ಧ ಗಂಟೆಗೆ ತುಟಿಯೂ ಚರ್ಮವೂ ಒಂದೇ ಬಿಳುಪಾಗಿ, ಅದರ ಮೇಲೆ ನನ್ನ ಎರಡು ನೀಲಿ ಚುಕ್ಕೆಗಳು ಮಾತ್ರ ಉಳಿದವು.

ಆಗ ಉಬಲ್ದಿನಾ ಸೂಜಿಯನ್ನು ನನ್ನ ಕೈಗೆ ಇಟ್ಟಳು. ನನ್ನ ಕಿವಿಯ ಹತ್ತಿರ ಬಂದು, ಮಗಳಿಗೆ ಕೇಳದಂತೆ ಉಸುರಿದಳು: "ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು. ರಕ್ತ ಇಲ್ದಿದ್ರೆ ದೊಡ್ಡ ಗಾಯ ಹೇಗೋ ಕಾಣುತ್ತೆ. ನಿನ್ನ ಚುಕ್ಕೆ ಕಾಣ್ತಿಲ್ಲ. ಆಪರೇಷನ್ ಸರದಿ ಬರೋಕೆ ಮುಂಚೆ ಗೊತ್ತಾದ್ರೆ ನನ್ನ ತೆಗೆದುಹಾಕ್ತಾರೆ."

ನಾನು ಹೊಲಿದೆ. ಚುಕ್ಕೆಗೆ ಚುಕ್ಕೆ ಕೂಡಿಸಿ ಮೊದಲನೆಯದು, ಆಮೇಲೆ ನಾಲ್ಕು. ಒಂದು ಹನಿಯನ್ನೂ ಒರೆಸಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಹೊಲಿಗೆ ನಾನು ಹಾಕಿರಲಿಲ್ಲ. ಅಷ್ಟು ಹೊತ್ತೂ ಉಬಲ್ದಿನಾ ಮಗಳ ಕಿವಿಯ ಹತ್ತಿರ ಮಾತಾಡುತ್ತಲೇ ಇದ್ದಳು: "ಅಲ್ಲಾಡ್ಬೇಡ ಕಣೆ, ಇದು ಮೂರನೇದು. ಆಯ್ತು, ಆಯ್ತು, ಇನ್ನೆರಡೇ."

ಬಟ್ಟೆ ತೆಗೆದು ಕನ್ನಡಿ ಕೊಟ್ಟೆವು. ನಾರ್ಸಿಸಾ ತುಂಬ ಹೊತ್ತು ನೋಡಿಕೊಂಡಳು. ಕನ್ನಡಿ ಕೆಳಗಿಟ್ಟು ಉಬಲ್ದಿನಾಳ ಕೈಯನ್ನು ಎಳೆದು, ಜೋಮು ಹಿಡಿದ ತುಟಿಯನ್ನು ತಾಗಿಸದೆ ಕೆನ್ನೆಗೆ ಒತ್ತಿಕೊಂಡಳು.

"ನಿಮ್ಮ ಕೈಗುಣ, ಮದ್ರೀನಾ," ಎಂದು ತೊದಲಿದಳು.

ಒಂದೇ ಒಂದು ಮಾತು ಸಾಕಿತ್ತು. ನನ್ನ ನಾಲಿಗೆಯ ತುದಿಗೇ ಬಂದಿತ್ತು. ಉಬಲ್ದಿನಾ ನನ್ನ ಕಡೆ ಮುಖ ಮಾಡಿದ್ದಳು. ಆ ಮಬ್ಬು ಕಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ.

ಮಗಳು ಈಗ ನನ್ನತ್ತ ತಿರುಗಿದಳು. "ಅಮ್ಮಾ, ಇಂಥವರ ಮೇಲೆ ದೂರು ಕೊಟ್ಯಾ ನೀನು?"

"ಹೌದು ಕಣೆ," ಎಂದೆ. ಗ್ಲೌಸನ್ನು ನಾನಿನ್ನೂ ಬಿಚ್ಚಿರಲಿಲ್ಲ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.